ಬಿರುಕಿಗೆ ಹೊಡೆದ ಗೂಟ

ಆಗಸ್ಟ್ 12, ಮಂಗಳವಾರ

ಲಂಡನ್ನಿನ ಈ ಸ್ಟ್ರಾಟ್‌ಫರ್ಡ್‌ನಲ್ಲಿ ನೆಲ ಅನ್ನುವುದೇ ಇಲ್ಲ. ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಯಾರದೋ ಒಡೆದ ಮನೆ. ಗೂಟ ಹೊಡೆದರೆ ಇಟ್ಟಿಗೆಗೆ ಬಡಿದು ಮೊಣಕೈವರೆಗೆ ಜುಮ್ಮೆನ್ನುತ್ತದೆ. ಪಕ್ಕದಲ್ಲಿ ಹೊಡೆದರೆ ಬಚ್ಚಲಿನ ಟೈಲ್ಸು. ಮೂರನೆಯ ಸಲಕ್ಕೆ ಸುತ್ತಿಗೆಯನ್ನೇ ಬೀಸಿ ಎಸೆದೆ.

"ಎಂತ ಮಾರಾಯ್ತಿ, ಸುತ್ತಿಗೆ ಎಂತ ಮಾಡಿತು ನಿಂಗೆ?" ಅಂದರು ಆಸ್ವಾಲ್ಡ್ ಅಂಕಲ್.

"ನೆಲಾನ ಸರಿ ಇಲ್ರಿ ಇಲ್ಲೆ."

"ನೆಲ ಸರಿಯೇ ಉಂಟು. ಗೂಟ ಸರಿ ಇಲ್ಲ."

ಅವರು ನನ್ನ ಬಾಸ್. ಉಡುಪಿ ಕಡೆಯ ಶಿರ್ವದವರು. ಬೋನು ಇಟ್ಟು ಪ್ರಾಣಿ ಹಿಡಿಯುವುದು ಅವರ ಧಂದೆ: ನರಿ, ಅಳಿಲು, ತಪ್ಪಿಸಿಕೊಂಡ ನಾಯಿ. ಇವತ್ತಿನದು ನರಿ. ಕಟ್ಟಡ ಕಟ್ಟುವ ಜಾಗದಲ್ಲಿ ಓಡಾಡುತ್ತಿದೆ, ಕುತ್ತಿಗೆಗೆ ಪ್ಲಾಸ್ಟಿಕ್ ಉಂಗುರ ಸಿಕ್ಕಿಕೊಂಡಿದೆ. ಬೋನನ್ನು ನೆಲಕ್ಕೆ ಬಿಗಿಯದಿದ್ದರೆ ಕಥೆ ಮುಗಿಯಿತು. ಕಾಲಿಟ್ಟಾಗ ಬೋನು ಒಂದು ಕೂದಲಷ್ಟು ಅಲುಗಿದರೂ ಪ್ರಾಣಿ ಹಿಂದೆ ಹಾರುತ್ತದೆ, ಮತ್ತೆ ಹತ್ತಿರ ಬರುವುದಿಲ್ಲ.

ಅಂಕಲ್ ಎರಡು ಗಿಡ್ಡ ದಪ್ಪ ಸರಳು ತಂದು, ಕತ್ತರಿಯ ಹಾಗೆ ಓರೆಯಾಗಿ ಹೊಡೆದರು. ಒಂದನ್ನು ಎಳೆದರೆ ಇನ್ನೊಂದು ಹಿಡಿಯುತ್ತದೆ. ಆಮೇಲೆ ಹಗ್ಗ ನನ್ನ ಕೈಗೆ ಕೊಟ್ಟು, "ಕೂತ್ಕೋ" ಅಂದರು. ಅದು ಅವರ ಪರೀಕ್ಷೆ. ಗೂಟಕ್ಕೆ ಕಟ್ಟಿದ ಹಗ್ಗ ಹಿಡಿದು, ಇಡೀ ಮೈಭಾರ ಬಿಟ್ಟು ಹಿಂದಕ್ಕೆ ಕೂರಬೇಕು. ಗೂಟ ನಮ್ಮನ್ನು ಹಿಡಿದರೆ ಪ್ರಾಣಿಯನ್ನೂ ಹಿಡಿಯುತ್ತದೆ. ಕೂತೆ. ಹಿಡಿಯಿತು.

ಇನ್ನೊಂದು ನಿಯಮ ಇದೆ. ಬೋನು ಇಟ್ಟವರೇ ದಿನಾ ಹೋಗಿ ನೋಡಬೇಕು. "ನೋಡ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಇಡ್ಬೇಡ" ಅನ್ನುತ್ತಾರೆ.

ಈ ಪುಸ್ತಕ ಕೊಟ್ಟವರು ಅಂಕಲ್‌ನ ಹೆಂಡತಿ ನೋರಾ ಆಂಟಿ. ಕ್ರೋಯ್ಡನ್ ಕಡೆಯ ಆಸ್ಪತ್ರೆಯಲ್ಲಿ ನರ್ಸು. ಸಿಟ್ಟು ಬಂದಾಗ ಬರೆ ಅಂದರು. ಹಾಗಾದರೆ ಬೇಗ ತುಂಬುತ್ತದೆ. ಕನ್ನಡದಲ್ಲೇ ಬರೆಯುತ್ತೇನೆ, ನಾನಿರುವ ಬಾಡಿಗೆ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ನನಗೆ ಸೌಜನ್ಯಾ ಅಂತ ಹೆಸರಿಟ್ಟವರು ನನ್ನ ಬಾಯಿ ಕೇಳಿರಲಿಲ್ಲ.

ಆಗಸ್ಟ್ 14, ಗುರುವಾರ

ನರಿ ಸಿಕ್ಕಿತು. ಅಂಕಲ್ ತಲೆ ಒತ್ತಿ ಹಿಡಿದರು, ನಾನು ಉಂಗುರ ಕತ್ತರಿಸಿದೆ. ಬಿಟ್ಟ ಕೂಡಲೇ ಹಿಂದೆ ತಿರುಗಿ ನೋಡದೆ ಓಡಿತು. ಒಳ್ಳೆಯ ನರಿ.

ಮನೆಯಿರುವ ಪಾರ್ಕ್ ರಾಯಲ್‌ಗೆ ವಾಪಸ್ ಬಂದಾಗ ಬ್ರೆಡ್ ಫ್ಯಾಕ್ಟರಿಯ ವಾಸನೆ ಬೀದಿ ತುಂಬ ಇತ್ತು. ನಾನಿರುವ ಮನೆಯಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಎಲ್ಲರದೂ ರಾತ್ರಿ ಪಾಳಿ. ಮುಖ ಗೊತ್ತಿಲ್ಲ, ಬಾಗಿಲ ಹತ್ತಿರ ಬಿಟ್ಟ ಬೂಟು ಗೊತ್ತು. ಹಿಟ್ಟು ಮೆತ್ತಿದ ಬೂಟಿನವನು ಕೆಮ್ಮುತ್ತಾನೆ. ಕೆಂಪು ಲೇಸಿನವಳು ಬಚ್ಚಲಲ್ಲಿ ಅಳುತ್ತಾಳೆ, ನಲ್ಲಿ ಬಿಟ್ಟುಕೊಂಡು. ನರಿ ಸಿಕ್ಕಿದ್ದನ್ನು ಯಾರಿಗಾದರೂ ಹೇಳೋಣ ಅನ್ನಿಸಿತು. ಬೂಟುಗಳಿಗೆ ಹೇಳಲೇ?

ಆಗಸ್ಟ್ 18, ಸೋಮವಾರ

ಹೊಸ ಕೆಲಸ. ವ್ಯಾನಿನಲ್ಲಿ ಅಂಕಲ್ ಒಂದು ಪೋಸ್ಟರ್ ತೋರಿಸಿದರು. ಕೆಂಚು ನಾಯಿ, ಒಂದು ಕಿವಿ ಹರಿದಿದೆ. ಹೆಸರು ಮ್ಯಾಂಗೋ.

"ನೋರಾಳ ಆಸ್ಪತ್ರೆಯ ಡಾಕ್ಟರ್‌ದು. ನಿಮ್ಮ ಕಡೆಯವರೇ, ಧಾರವಾಡ. ಅಲ್ಲಿಯ ಬೀದಿ ನಾಯಿಯನ್ನು ವಿಮಾನದಲ್ಲಿ ತಂದದ್ದಂತೆ. ಗೇಟು ದಾಟಿ ಓಡಿ ಹೋಗಿದೆ. ಮನುಷ್ಯರನ್ನು ಕಂಡ್ರೆ ಹೆದರ್ತದೆ, ಮನೆಯವರು ಕರೆದ್ರೂ ಬರುದಿಲ್ಲ. ಟ್ರಾಮ್ ಲೈನಿನ ಆಚೆ ಈಚೆ ತಿರುಗ್ತಾ ಉಂಟು. ಬೇಗ ಹಿಡೀದಿದ್ರೆ ಟ್ರಾಮಿನಡಿಗೆ ಹೋಗ್ತದೆ."

ಪೋಸ್ಟರ್‌ನ ಕೆಳಗೆ ಫೋನ್ ನಂಬರು. ಅದು ನನಗೆ ಬಾಯಿಪಾಠ. ನನ್ನ ಮೌಶಿಯದು.

ಅಂಕಲ್‌ಗೆ ಹೇಳಲಿಲ್ಲ. ನನಗೆ ಯಾರೂ ಇಲ್ಲ ಅಂತಲೇ ಕೆಲಸಕ್ಕೆ ಸೇರಿದ್ದು.

ನನಗೆ ಹದಿಮೂರಾದಾಗ ಅವ್ವ ಹೋದಳು. ಅವಳ ತಂಗಿ ಕೃಷ್ಣವೇಣಿ ಮೌಶಿ ನನ್ನನ್ನು ದತ್ತು ತೆಗೆದುಕೊಂಡು ಕ್ರೋಯ್ಡನ್‌ಗೆ ಕರೆತಂದಳು. ಅವಳ ಗಂಡ ಆನಂದತೀರ್ಥ ಕಾಕಾನೂ ಡಾಕ್ಟರು. ಅವರ ಮಗ ಅಚಿಂತ್ಯ ಬಾಯಿ ತೆರೆದರೆ ಇಂಗ್ಲಿಷು. ನಾನು ಹದಿನಾರಕ್ಕೆ ಶಾಲೆ ಬಿಟ್ಟೆ. ಹದಿನೆಂಟರವರೆಗೆ ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಒಂದು ದಿನ ಊಟದ ಹೊತ್ತಿನಲ್ಲಿ ಕಾಕಾ ಅಂದರು, "ಈ ಮನ್ಯಾಗ ಏನೂ ಕಲೀಲಾರದಾಕಿ ನೀ ಒಬ್ಬಾಕಿನ." ಮೌಶಿ ಸಾರಿನ ಪಾತ್ರೆ ನೋಡುತ್ತ ಕೂತಿದ್ದಳು. ನಾನು ಬ್ಯಾಗು ತೆಗೆದುಕೊಂಡು ಹೊರಟೆ.

ಅದಾಗಿ ಎರಡು ವರ್ಷ ಆಗುತ್ತ ಬಂತು. ನಾಯಿ ಬಂದದ್ದು ಆಮೇಲೆ, ಕಳೆದ ವರ್ಷ. ಅಚಿಂತ್ಯ ಹಾಕುವ ಫೋಟೋಗಳನ್ನು ನೋಡುತ್ತೇನೆ, ಬೇರೆ ಹೆಸರಿನಿಂದ. ನಾಯಿ ಮಲಗುವುದು ನನ್ನ ರೂಮಿನಲ್ಲಿ. ಕಿಟಕಿ ನೋಡಿದರೆ ಗೊತ್ತಾಗುತ್ತದೆ. ನನಗೂ ಕಾಗದಪತ್ರ ಮಾಡಿಸಿ ತಂದರು, ನಾಯಿಗೂ ಕಾಗದಪತ್ರ ಮಾಡಿಸಿ ತಂದರು. ನಾಯಿಯದು ಬೇಗ ಆಯಿತು.

ಇವತ್ತು ಎಣಿಸುತ್ತ ಹೋದೆ, ಸಾಕಾಗಿ ಬಿಟ್ಟೆ. ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನಿಂದ ಪ್ರತಿ ಕಂಬಕ್ಕೂ ನಾಯಿಯ ಮುಖ. ನಾನು ಹೋದಾಗ ಒಂದು ಕಂಬಕ್ಕೂ ಒಂದು ಚೀಟಿ ಹಚ್ಚಲಿಲ್ಲ. ಫೋನೂ ಮಾಡಲಿಲ್ಲ. ನಾನು ನಂಬರ್ ಬ್ಲಾಕ್ ಮಾಡಿದ್ದೆ, ಅದು ಬೇರೆ ಮಾತು.

ಆಗಸ್ಟ್ 19, ಮಂಗಳವಾರ

ಲಾಯ್ಡ್ ಪಾರ್ಕಿನ ಅಂಚಿನಲ್ಲಿ ಬೋನು ಇಟ್ಟೆವು. ನಾಯಿ ಅಲ್ಲಿ ಪೊದೆಯ ಕೆಳಗೆ ಮಲಗುತ್ತದಂತೆ. ನೆಲ ಜೇಡಿಮಣ್ಣು. ಈ ಬೇಸಿಗೆ ಮಳೆಯೇ ಇಲ್ಲದೆ ಬಾಯಿ ಬಿಟ್ಟಿದೆ, ಧಾರವಾಡದ ಎರೀ ಹೊಲದ ಹಾಗೆ. ಒಣ ಜೇಡಿ ಕಬ್ಬಿಣಕ್ಕಿಂತ ಗಟ್ಟಿ. ಉದ್ದ ಸರಳನ್ನು ಮೂರು ಮೊಳ ಇಳಿಸಬೇಕು, ಅರ್ಧ ದಿನದ ಕೆಲಸ. ಅಂಕಲ್ ಅನುಮತಿಯ ವಿಚಾರಕ್ಕೆ ಕೌನ್ಸಿಲ್‌ನವರ ಜೊತೆ ಫೋನಿನಲ್ಲಿದ್ದರು. ಅವರ ನಾಯಿಗಾಗಿ ನಾನು ಯಾಕೆ ಕೈ ಬೊಕ್ಕೆ ಮಾಡಿಕೊಳ್ಳಲಿ?

ಬಿರುಕು ಇದ್ದಲ್ಲೇ ಹೊಡೆದೆ. ಬೆಣ್ಣೆಗೆ ಚಾಕು ಹೋದಂತೆ ಹೋಯಿತು. ಕೂತು ನೋಡಲಿಲ್ಲ.

ಆಗಸ್ಟ್ 21, ಗುರುವಾರ

ನಿನ್ನೆ ಒಂದು ಮಳೆ ಬಿತ್ತು. ಇವತ್ತು ಬೆಳಿಗ್ಗೆ ವ್ಯಾನಿನಲ್ಲಿ ಕೂತು, ಬೋನಿನ ಹತ್ತಿರ ಇಟ್ಟ ಕ್ಯಾಮೆರಾದಲ್ಲಿ ನೋಡುತ್ತಿದ್ದೆವು. ನಾಯಿ ಬಂತು. ಫೋಟೋದಲ್ಲಿದ್ದದ್ದಕ್ಕಿಂತ ಸಣ್ಣದು. ಪಕ್ಕೆಲುಬು ಕಾಣುತ್ತಿದ್ದವು. ಬೋನಿನ ಬಾಯಲ್ಲಿ ಬಹಳ ಹೊತ್ತು ನಿಂತಿತು. ಮುಂದಿನ ಎರಡು ಕಾಲು ಒಳಗಿಟ್ಟಿತು. ಇನ್ನೊಂದು ಹೆಜ್ಜೆ ಸಾಕಿತ್ತು. ಬೋನು ಒಂದು ಕಡೆಗೆ ವಾಲಿತು. ನಾಯಿ ಹಾರಿ ಓಡಿದ್ದು ಕ್ಯಾಮೆರಾಕ್ಕೂ ಸಿಗಲಿಲ್ಲ.

ಅಂಕಲ್ ಇಳಿದು ಹೋಗಿ ಸರಳನ್ನು ಎರಡೇ ಬೆರಳಿನಿಂದ ಮೇಲೆತ್ತಿದರು.

"ಕೂತು ನೋಡಿದ್ಯಾ?"

"ಹೂಂ."

"ಸುಳ್ಳು."

ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಳಿಯುವಾಗ ಮಾತ್ರ ಅಂದರು, "ಅದು ಇನ್ನು ಬೋನಿಗೆ ಬರುದು ಕಷ್ಟ. ಟ್ರಾಮಿಗೆ ಸಿಕ್ಕಿದ್ರೆ ಅದು ನಮ್ಮ ಲೆಕ್ಕಕ್ಕೆ."

ನಮ್ಮ ಅಂದರು. ನಿನ್ನ ಅನ್ನಲಿಲ್ಲ.

ಆಗಸ್ಟ್ 22, ಶುಕ್ರವಾರ

ಕೆಲಸ ಬಿಡುತ್ತೇನೆ ಅಂತ ಮೆಸೇಜು ಬರೆದೆ. ಕಳಿಸಲಿಲ್ಲ.

ಆಗಸ್ಟ್ 24, ಭಾನುವಾರ

ಇಡೀ ದಿನ ಬಾಯಿ ತೆರೆದಿಲ್ಲ. ಸಂಜೆ ಅಂಗಡಿಯವನು ಚೀಲ ಬೇಕಾ ಅಂದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ತಲೆ ಅಲ್ಲಾಡಿಸಿದೆ.

ಪಕ್ಕೆಲುಬು ಕಾಣುತ್ತಿದ್ದವು. ತಲೆಯಲ್ಲಿ ಅದೇ ಓಡುತ್ತಿದೆ. ಅದಕ್ಕೆ ಸಾಲ್ಮನ್ ಮೀನು ಇಡಬೇಕಂತೆ, ಮೌಶಿ ಹೇಳಿ ಕಳಿಸಿದ್ದಾಳೆ. ಧಾರವಾಡದ ಬೀದಿಯಲ್ಲಿ ಸಾಲ್ಮನ್ ಎಲ್ಲಿ ಸಿಗುತ್ತಿತ್ತು?

ಆಗಸ್ಟ್ 26, ಮಂಗಳವಾರ

ಇವತ್ತು ನಾಯಿ ನನ್ನ ಕಣ್ಣೆದುರಿಗೇ ಟ್ರಾಮ್ ಹಳಿ ದಾಟಿತು. ಟ್ರಾಮಿನವನು ಹಾರ್ನ್ ಹೊಡೆದು ಬ್ರೇಕ್ ಹಾಕಿದ. ನಾಯಿ ಹಳಿಯ ನಡುವೆ ಮುದುಡಿ ನಿಂತಿತು. ನಾನು ಏನೋ ಕೂಗಿದೆ. ಏನಂತ ಗೊತ್ತಿಲ್ಲ. ಅಂಕಲ್ ಹೇಳುವ ಪ್ರಕಾರ "ಬಾರವಾ" ಅಂತ ಕೂಗಿದೆನಂತೆ. ನಾಯಿ ತಲೆ ಎತ್ತಿ ಒಮ್ಮೆ ನನ್ನ ಕಡೆ ನೋಡಿ, ಆಚೆಗೆ ಓಡಿತು. ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡೆ. ಚಳಿ ಇತ್ತು.

ಈಗ ಅದು ಆಡಿಂಗ್ಟನ್ ಹಿಲ್ಸ್ ಸೇರಿದೆ. ಹಳಿ ಅಲ್ಲಿಗೂ ದೂರವಿಲ್ಲ. ಆ ನೆಲ ನೆಲವಲ್ಲ, ಗೋಲಿಗಳ ರಾಶಿ. ದುಂಡಗಿನ ನುಣುಪು ಕಲ್ಲು, ಮೇಲೆ ನೇರಳೆ ಹೂವಿನ ಪೊದೆ. ಸರಳು ಹೊಡೆದರೆ ಸುಲಭವಾಗಿ ಹೋಗುತ್ತದೆ, ಅಷ್ಟೇ ಸುಲಭವಾಗಿ ಬರುತ್ತದೆ. ಸ್ಕ್ರೂ ಗೂಟ ಸುಮ್ಮನೆ ತಿರುಗುತ್ತದೆ, ಏನನ್ನೂ ಕಚ್ಚುವುದಿಲ್ಲ. ತಂತಿಯ ತುದಿಗೆ ಕಬ್ಬಿಣದ ನಾಲಗೆ ಇರುವ ಗೂಟವೊಂದಿದೆ. ಒಳಗೆ ಹೊಡೆದು ಎಳೆದರೆ ನಾಲಗೆ ಅಡ್ಡ ತಿರುಗಿ ಕೂರುತ್ತದೆ. ಮರಳಿಗೆ, ಕೆಸರಿಗೆ ಅದನ್ನು ಬಿಟ್ಟರಿಲ್ಲ. ಇಲ್ಲಿ ಅದೂ ಜಾರಿ ಬಂತು. ಪ್ರತಿಯೊಂದಕ್ಕೂ ಹಗ್ಗ ಕಟ್ಟಿ ಕೂತೆ. ಪ್ರತಿ ಸಲವೂ ಬೆನ್ನು ಅಡಿಯಾಗಿ ಬಿದ್ದೆ.

"ಮರದ ದಿಮ್ಮಿ ಹೂತ್ರೆ ನಿಲ್ತದೆ" ಅಂದರು ಅಂಕಲ್. "ಆದ್ರೆ ಅಗೀಲಿಕ್ಕೆ ಕೌನ್ಸಿಲ್ ಬಿಡುದಿಲ್ಲ. ಇಂಥ ನೆಲಕ್ಕೆ ಗೂಟ ಅಲ್ಲ, ಭಾರ ಬೇಕು."

ಚೀಲಗಳಿಗೆ ಅದೇ ಕಲ್ಲು ತುಂಬಿ ಬೋನಿನ ಮೇಲೆ ಹೇರಿದೆವು. ಅಂಕಲ್ ಸೊಂಟ ಹಿಡಿದುಕೊಂಡು ವ್ಯಾನಿಗೆ ಹೋದರು. ಉಳಿದದ್ದನ್ನು ನಾನೇ ಹೊತ್ತೆ.

ಆಗಸ್ಟ್ 27, ಬುಧವಾರ

ನೋರಾ ಆಂಟಿ ಒಂದು ಚೀಲ ಕೊಟ್ಟು ಕಳಿಸಿದ್ದರು. ನಾಯಿ ಮನೆಯಲ್ಲಿ ಮಲಗುತ್ತಿದ್ದ ಬಟ್ಟೆ. ಬೋನಿನ ಒಳಗೆ ಹಾಸಿದರೆ ತನ್ನ ವಾಸನೆ ಹಿಡಿದು ಬರುತ್ತದೆ, ಇದು ಈ ಕೆಲಸದಲ್ಲಿ ಯಾವಾಗಲೂ ಮಾಡುವುದೇ.

ಚೀಲ ಬಿಚ್ಚಿದೆ. ನನ್ನ ಕೌದಿ.

ಅವ್ವ ಹೊಲಿದದ್ದು. ಅವಳ ಹಳೆಯ ಸೀರೆಗಳು. ಹಸಿರು ಇಳಕಲ್ ಸೀರೆಯದು ಮಧ್ಯದ ಚೌಕ, ಅಂಚಿಗೆ ನನ್ನ ಲಂಗದ ತುಂಡು. ಹೊರಟ ದಿನ ಸಿಟ್ಟಿನಲ್ಲಿ ಮಂಚದ ಕೆಳಗೆ ಒದ್ದು ಬಂದಿದ್ದೆ. ಅದನ್ನು ನಾಯಿಗೆ ಹಾಸಿದ್ದಾರೆ.

ವ್ಯಾನಿನ ಬಾಗಿಲಿಗೆ ಒದ್ದೆ. ಗುಳಿ ಬಿತ್ತು. "ಎಂತ ಆಯ್ತು?" ಅಂದರು ಅಂಕಲ್. ಎಲ್ಲ ಹೇಳಿದೆ, ಕೂಗಿ ಹೇಳಿದೆ. ದತ್ತು, ಮೌಶಿ, ಕಾಕಾ, ಪೋಸ್ಟರು, ಬಿರುಕು, ಎಲ್ಲ. ಅವರು ಬಾಗಿಲಿನ ಗುಳಿಯನ್ನು ಕೈಯಿಂದ ಸವರಿದರು.

"ಹಾಗಾದ್ರೆ ಇದು ನಿನ್ನ ಮನೆಯ ನಾಯಿ."

"ನಂದಲ್ರಿ!"

"ಆಯ್ತು, ಅಲ್ಲ. ಕೌದಿ ಹಾಸ್ತೀಯಾ, ಬೇಡ್ವಾ? ನಿನ್ನದು, ನೀನೇ ಹೇಳು."

ಹಾಸಿದೆ. ಮುಖಕ್ಕೆ ಒತ್ತಿ ನೋಡಿದೆ ಮೊದಲು. ನಾಯಿಯ ವಾಸನೆ. ಅದರ ಕೆಳಗೆ ಇನ್ನೂ ಏನೋ.

ಆಗಸ್ಟ್ 28, ಗುರುವಾರ

ಮನೆಯವರು ಬೋನಿನ ಹತ್ತಿರ ಬರಬಾರದು ಅಂತ ಹೇಳಿದ್ದೆವು. ಮೌಶಿ ಬಂದಳು. ಕೈಯಲ್ಲಿ ಮೀನಿನ ಡಬ್ಬಿ. ಮೀನಿನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದ ಮೌಶಿ. ನಾನು ಬೋನಿನ ಹಿಂದಿನಿಂದ ಎದ್ದು ನಿಂತೆ, ಕೈಯಲ್ಲಿ ಕಲ್ಲಿನ ಚೀಲ.

"ಸೌಜಿ! ನೀನ?"

"ಹೂಂ. ನಿಮ್ಮ ನಾಯಿ ಹಿಡೀಲಿಕ್ಕೆ ಬಂದೇನಿ."

ಡಬ್ಬಿ ಕೆಳಗಿಟ್ಟಳು. ಕೂದಲು ಬೆಳ್ಳಗಾಗಿದೆ. "ಎಷ್ಟ ಸೊರಗೀಯವಾ" ಅಂದಳು. ಅದು ಕೇಳಿ ತಲೆ ಕೆಟ್ಟಿತು.

"ನಾಯಿಗೆ ಕಂಬಕ್ಕೊಂದು ಪೋಸ್ಟರ್ ಹಚ್ಚೀದಿ. ನನಗ ಹಚ್ಚೀದೇನು?"

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಡಾಕ್ಟರ್ ದನಿಯಲ್ಲಿ ಅಂದಳು: "ನಾಯಿ 'ಬಿಟ್ಟು ಹೋಗ್ತೇನಿ' ಅಂತ ಹೇಳಿ ಹೋಗಲಿಲ್ಲ. ನೀ ಬಾಗಲಾ ಜಗ್ಗಿ ಹಾಕ್ಕೊಂಡು ಹೋದಿ. ಪೊಲೀಸ್ರ ಕಡೆ ಹೋಗಿದ್ದೆ. ಹದಿನೆಂಟ ಆಗೇದ, ತಾನ ಹೋಗ್ಯಾಳ, ನಾವೇನು ಮಾಡಲಿಕ್ಕೆ ಬರಂಗಿಲ್ಲ ಅಂದ್ರು. ಫೋನ್ ಮಾಡಿದೆ. ಹತ್ತಲಿಲ್ಲ. ಇನ್ನೂ ಮಾಡ್ತೇನಿ."

"ಅವ್ವನ ಕೌದಿ ನಾಯಿಗೆ ಹಾಸೀರಿ."

ಅವಳ ಬಾಯಿ ತೆರೆಯಿತು. ನಾನು ಅವಕಾಶ ಕೊಡಲಿಲ್ಲ. "ಹೋಗು ಮೌಶಿ. ನೀ ಇಲ್ಲೆ ನಿಂತ್ರ ಅದು ಬರಂಗಿಲ್ಲ." ಹೋದಳು. ಕಲ್ಲಿನ ಮೇಲೆ ಅವಳ ಚಪ್ಪಲಿ ಜಾರುವ ಸದ್ದು ಬಹಳ ದೂರದವರೆಗೆ ಕೇಳಿಸಿತು.

ಡಬ್ಬಿ ಅಲ್ಲೇ ಉಳಿಯಿತು. ಮೀನಿನ ಕೆಳಗೆ ಇನ್ನೊಂದು ಡಬ್ಬಿ, ಅದರಲ್ಲಿ ಚಪಾತಿ, ಝುಣಕ. ಆಸ್ವಾಲ್ಡ್ ಅಂಕಲ್‌ಗೆ ಅಂತ ತಂದಿರಬೇಕು. ಅಂಕಲ್‌ಗೆ ಕೊಡಲಿಲ್ಲ.

ಆಗಸ್ಟ್ 31, ಭಾನುವಾರ

ಅಂಕಲ್ ಚರ್ಚಿಗೆ ಹೋದರು. ಬೋನು ಇಟ್ಟವಳು ನಾನು, ನೋಡಲು ಒಬ್ಬಳೇ ಹೋದೆ. ಪಾರ್ಕ್ ರಾಯಲ್‌ನಿಂದ ಅಲ್ಲಿಗೆ ಟ್ಯೂಬು, ರೈಲು, ಟ್ರಾಮು. ಬೋನು ಖಾಲಿ. ದೂರದಲ್ಲಿ ಪೊದೆಯ ಸಂದಿಯಲ್ಲಿ ಎರಡು ಕಿವಿ, ಒಂದು ಹರಿದದ್ದು. ಬಹಳ ಹೊತ್ತು ಹಾಗೇ ಕೂತಿದ್ದೆವು, ಅದು ಅಲ್ಲಿ, ನಾನು ಇಲ್ಲಿ. ಬೆಟ್ಟದ ಕೆಳಗೆ ಇಡೀ ಲಂಡನ್ ಕಾಣುತ್ತದೆ. ಅಷ್ಟು ಜನರಲ್ಲಿ ಯಾರೂ ನಮ್ಮನ್ನು ಕಾಯುತ್ತಿರಲಿಲ್ಲ.

ನಮ್ಮನ್ನು ಅಂತ ಯಾಕೆ ಬರೆದೆ? ಇರಲಿ.

ಸೆಪ್ಟೆಂಬರ್ 2, ಮಂಗಳವಾರ

ನಾಯಿ ಎರಡು ಸಲ ಬಂತು. ಬೋನಿಗೆ ಕಾಲಿಟ್ಟ ಕೂಡಲೇ ಅಡಿಯ ಕಲ್ಲು ಕರಕರ ಅಂತ ಸರಿಯುತ್ತದೆ, ಚೀಲದ ಭಾರ ಸಾಲದು. ಹಿಂದೆ ಹಾರುತ್ತದೆ. ಒಮ್ಮೆ ವಾಲಿದ್ದನ್ನು ಮರೆತಿಲ್ಲ. ಹಳಿಯ ಕಡೆಗೇ ಓಡುತ್ತದೆ, ಪ್ರತಿ ಸಲವೂ.

ಸಂಜೆ ಅಚಿಂತ್ಯ ಬಂದ. ನನಗಿಂತ ಎತ್ತರವಾಗಿದ್ದಾನೆ. ದೂರದಲ್ಲೇ ನಿಂತು ತನಗೆ ಬರುವಷ್ಟು ಕನ್ನಡ ಮಾತಾಡಿದ. ಅವನ ಕನ್ನಡ ಕೇಳಿದ್ದು ಅದೇ ಮೊದಲು.

"ನಾನು... ಗೇಟ್ ಹಾಕಿದ್ದೆ. ಐ ಸ್ವೇರ್, ಸೌಜಿ. ಬಟ್ ಅದು ಓಪನ್ ಇತ್ತು. ಡ್ಯಾಡ್ ಮಾತಾಡ್ತಾ ಇಲ್ಲ ನನ್ನ ಹತ್ರ."

"ನಿಮ್ಮ ಡ್ಯಾಡ್ ಯಾರ ಹತ್ರ ಮಾತಾಡ್ತಾರ?"

ನಕ್ಕ. ಆಮೇಲೆ ಬೋನಿನೊಳಗಿನ ಕೌದಿ ತೋರಿಸಿದ. "ಅದು ನಾವು ಕೊಟ್ಟಿದ್ದಲ್ಲ. ಬಂದ ಫಸ್ಟ್ ಡೇ ಮ್ಯಾಂಗೋನೇ ನಿನ್ನ ರೂಮಿಗೆ ಹೋಗಿ, ಬೆಡ್ ಕೆಳಗಿಂದ ಎಳೆದಳು. ಮಮ್ ತಗೊಳ್ಳೋಕೆ ಹೋದ್ರೆ ಗುರ್ರ್ ಅಂದಳು. ಮಮ್ ಅಲ್ಲೇ ನೆಲದ ಮೇಲೆ ಕೂತು ತುಂಬಾ ಅತ್ತಳು. ಆಮೇಲೆ, ಇರ್ಲಿ ಬಿಡು ಅಂದಳು. ವಾಶ್ ಕೂಡ ಮಾಡಲ್ಲ ಅದನ್ನ."

ಮನೆಗೆ ಹೋಗು, ಟ್ರಾಮು ತಪ್ಪುತ್ತದೆ ಅಂದೆ.

ಸೆಪ್ಟೆಂಬರ್ 4, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೂರ್ಯ ಏಳುವ ಮೊದಲು ಅಂಕಲ್ ನನ್ನನ್ನು ಬೆಟ್ಟದಲ್ಲಿ ಇಳಿಸಿದರು. ಅವರಿಗೆ ಸೊಂಟ ನೋವು, ವ್ಯಾನಿನಲ್ಲೇ ಉಳಿದರು. ಬೋನಿನ ಅಂಚು ಒತ್ತಿ ನೋಡಿದೆ. ಕರಕರ. ಚೀಲ ಹೆಚ್ಚು ಮಾಡಿದೆ. ಮತ್ತೆ ಕರಕರ. ಆಗ ಬೋನಿನ ಹಿಂದಿನ ತುದಿಯ ಮೇಲೆ ಎದೆ ಇಟ್ಟು ಬೋರಲು ಮಲಗಿದೆ, ಎರಡೂ ಕೈಯಿಂದ ಚೌಕಟ್ಟು ಹಿಡಿದು. ಅಲುಗಲಿಲ್ಲ. ಒಂದು ಚೂರೂ ಅಲುಗಲಿಲ್ಲ.

ಕ್ಯಾಮೆರಾದಲ್ಲಿ ನೋಡಿ ಅಂಕಲ್ ಫೋನ್ ಮಾಡಿದರು. "ಎಂತ ಮಾಡ್ತಾ ಇದ್ದಿ? ಮನುಷ್ಯರಿದ್ರೆ ಅದು ಬರುದಿಲ್ಲ."

"ಅಳ್ಳಾಡಿದ್ರೂ ಬರಂಗಿಲ್ರಿ. ಇವತ್ತ ಇದೊಂದು ನೋಡೋಣ. ಫೋನ್ ಇಡ್ರಿ."

ಮೈ ಜೋಮು ಹಿಡಿಯಿತು. ಕಲ್ಲು ಮೊಣಕಾಲಿಗೆ ಒತ್ತುತ್ತಿತ್ತು. ಕೆಳಗೆ ಮೊದಲ ಟ್ರಾಮು ಹೋದ ಸದ್ದು. ಆಮೇಲೆ ಕಲ್ಲಿನ ಮೇಲೆ ಸಣ್ಣ ಹೆಜ್ಜೆ.

ತಲೆ ಎತ್ತಲಿಲ್ಲ. ಹೆಜ್ಜೆ ಬೋನಿನ ಬಾಯಿಯವರೆಗೆ ಬಂತು, ನಿಂತಿತು. ಒಳಗೆ ಹೋಗಲಿಲ್ಲ. ಸುತ್ತು ಹಾಕಿತು. ಇನ್ನೊಂದು ಸುತ್ತು, ಹತ್ತಿರದಿಂದ. ಕೌದಿಯ ಒಂದು ತುದಿ ಜಾಲರಿಯಿಂದ ಹೊರಗೆ ಬಂದಿತ್ತು, ಅದನ್ನು ಮೂಸುವ ಸದ್ದು ಕೇಳಿಸಿತು. ಆಮೇಲೆ ಅದು ನನ್ನ ಬೂಟು ಮೂಸಿತು. ಬೆನ್ನು. ಕುತ್ತಿಗೆಯ ಮೇಲೆ ತಣ್ಣಗಿನ ಮೂಗು. ಉಸಿರು ಬಿಡಲಿಲ್ಲ ನಾನು. ಮತ್ತೆ ಕೌದಿ, ಮತ್ತೆ ನನ್ನ ಕುತ್ತಿಗೆ. ಎರಡನ್ನೂ ಹೋಲಿಸಿ ನೋಡುತ್ತಿದೆ ಅನ್ನಿಸಿತು.

ಒಂದು ವರ್ಷ ನನ್ನ ವಾಸನೆಯ ಮೇಲೆ ಮಲಗಿದೆ ಅದು. ನನಗೆ ಅದು ಯಾವುದೋ ನಾಯಿ. ಅದಕ್ಕೆ ನಾನು ಯಾರೋ ಅಲ್ಲ.

ನನ್ನ ಪಕ್ಕೆಗೆ ಬೆನ್ನು ಹಚ್ಚಿ ಕೆಳಗೆ ಬಿದ್ದುಕೊಂಡಿತು. ಒಂದು ದೊಡ್ಡ ಉಸಿರು ಬಿಟ್ಟಿತು, ಮುದುಕರು ಬಿಡುತ್ತಾರಲ್ಲ ಹಾಗೆ. ಅದರ ಪಕ್ಕೆಲುಬು ನನ್ನ ಪಕ್ಕೆಲುಬಿಗೆ ಚುಚ್ಚುತ್ತಿತ್ತು. "ಎಲ್ಲಿಗೆ ಹೊಂಟೀಯವಾ ನೀ?" ಅಂದೆ, ಮೆಲ್ಲಗೆ. ಬಾಲ ಕಲ್ಲಿಗೆ ಬಡಿಯಿತು. ಹಾಗೇ ಇದ್ದೆವು. ಎಷ್ಟು ಹೊತ್ತೋ. ಕೊರಳಿಗೆ ಹಗ್ಗ ಹಾಕಿದಾಗ ತಪ್ಪಿಸಿಕೊಳ್ಳಲಿಲ್ಲ. ಬೋನಿನ ಬಾಗಿಲು ಬೀಳಲೇ ಇಲ್ಲ.

ಬ್ಲಾಕ್ ತೆಗೆದು ಮೌಶಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. "ಸೌಜಿ?" ಅಂದಳು. ನಾಯಿಯ ಬಗ್ಗೆ ಕೇಳಲಿಲ್ಲ ಮೊದಲು. "ಉಂಡೀಯಿಲ್ಲೋ?" ಅಂದಳು. ಬೆಳಿಗ್ಗೆ ಆರೂವರೆಗೆ ಯಾರು ಉಣ್ಣುತ್ತಾರೆ? ಸಿಕ್ಕಿತು ಅಂತ ಹೇಳಿ ಇಟ್ಟೆ.

ಅಂಕಲ್ ವ್ಯಾನಿನಲ್ಲಿ ಮೌಶಿಯ ಮನೆಗೆ ಬಿಟ್ಟರು. "ನೀನೇ ಕೊಟ್ಟು ಬಾ, ನಂಗೆ ಸೊಂಟ" ಅಂದರು. ಆ ಸೊಂಟ ಬೇಕಾದಾಗ ಬರುತ್ತದೆ.

ಮೌಶಿ ನೈಟಿಯ ಮೇಲೆ ಕೋಟು ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದಳು. ನಾಯಿಯನ್ನು ತಬ್ಬಿಕೊಂಡಳು. ನನ್ನ ಕಡೆ ಕೈ ಚಾಚಿದಳು, ನಾನು ಹಗ್ಗ ಸುತ್ತುತ್ತಿದ್ದೆ. "ಒಳಗ ಬಾ."

"ಬೂಟಿಗೆ ಮಣ್ಣ ಅದ."

"ಇರ್ಲಿ."

ಹೋಗಲಿಲ್ಲ. ಆದರೆ ಗೇಟು ಕಣ್ಣಿಗೆ ಬಿತ್ತು. ಒಂದು ಕಂಬ ವಾಲಿದೆ. ಚಿಲಕ ಹಾಕಿದರೆ ಕೂತ ಹಾಗೆ ಕಾಣುತ್ತದೆ, ದೂಡಿದರೆ ಬಿಚ್ಚುತ್ತದೆ. ಬೇಸಿಗೆಗೆ ಜೇಡಿ ಕುಗ್ಗಿ ಕಂಬದ ಬುಡದಲ್ಲಿ ಕೈ ಹೋಗುವಷ್ಟು ಬಿರುಕು. ಅಚಿಂತ್ಯನನ್ನು ಕರೆದು ತೋರಿಸಿದೆ. "ನೀ ಗೇಟ್ ಹಾಕಿದ್ದಿ. ಅದು ನಿಂತಿಲ್ಲ, ಅಷ್ಟ." ಅವನು ಚಿಲಕವನ್ನು ಹಾಕಿ ದೂಡಿ, ಹಾಕಿ ದೂಡಿ ನೋಡಿದ. ಕಣ್ಣು ಒರೆಸಿಕೊಂಡು ಒಳಗೆ ಹೋದ.

ಕಾಕಾ ಮೆಟ್ಟಿಲ ಮೇಲೆ ನಿಂತಿದ್ದರು. ಆಸ್ಪತ್ರೆಗೆ ಹೊರಟ ಬಟ್ಟೆ. ಏನೋ ಹೇಳಲು ಗಂಟಲು ಸರಿ ಮಾಡಿಕೊಂಡರು. ನಾನೂ ಜಗಳಕ್ಕೆ ಸಿದ್ಧವಾದೆ.

"ಇದಕ್ಕ ಎಂಥಾ ಗೂಟ ಬೇಕಾಗ್ತದ?" ಅಂದರು.

ಹೇಳಿದೆ. ಬಿರುಕಿಗೆ ಹೊಡೆದರೆ ಯಾಕೆ ನಿಲ್ಲುವುದಿಲ್ಲ, ಬಿರುಕಿನಿಂದ ಎಷ್ಟು ದೂರ ಸರಿಯಬೇಕು, ಇಟ್ಟಿಗೆ ಚೂರಿನ ನೆಲಕ್ಕೆ ಕತ್ತರಿ ಹೊಡೆತ ಯಾಕೆ, ಗೋಲಿಕಲ್ಲಿಗೆ ಯಾಕೆ ಯಾವ ಗೂಟವೂ ಆಗುವುದಿಲ್ಲ, ಎಲ್ಲ. ಆ ಮನೆಯಲ್ಲಿ ಅಷ್ಟು ಮಾತು ಯಾವತ್ತೂ ಆಡಿಲ್ಲ ನಾನು. ಕಾಕಾ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಹಂಗಾರ ನೀನ ಮಾಡಿ ಕೊಡು" ಅಂದರು. "ಐತವಾರ ನನಗ ರಜಾ ಅದ."

ಕೌದಿ? ನಾಯಿ ಅದನ್ನು ಆಗಲೇ ಒಳಗೆ ಎಳೆದುಕೊಂಡು ಹೋಗಿತ್ತು.

ಸೆಪ್ಟೆಂಬರ್ 7, ಭಾನುವಾರ

ಕಂಬ ನಿಲ್ಲಿಸಿದೆ. ಬಿರುಕಿನಿಂದ ದೂರ, ಗಟ್ಟಿ ನೆಲದಲ್ಲಿ ಎರಡು ಉದ್ದ ಸರಳು ಇಳಿಸಿ ಅದಕ್ಕೆ ಕಂಬ ಬಿಗಿದೆ. ಅರ್ಧ ದಿನ ಹಿಡಿಯಿತು. ಕೈ ಬೊಕ್ಕೆ ಬಂದಿದೆ. ಕಾಕಾ ಸುತ್ತಿಗೆ ಹಿಡಿದು ನಾಲ್ಕು ಏಟು ಹೊಡೆದು ಏದುಸಿರು ಬಿಟ್ಟರು.

"ಈಗ ಹಗ್ಗ ಹಿಡದು ಕೂಡ್ರಿ ಕಾಕಾ."

"ನಾನ?"

"ಪೂರಾ ಭಾರ ಬಿಡ್ರಿ. ಅರ್ಧಾ ಮರ್ದಾ ಅಲ್ಲ."

ಇಸ್ತ್ರಿ ಪ್ಯಾಂಟಿನಲ್ಲಿ ಹಿಂದಕ್ಕೆ ಕೂತರು. ಅಚಿಂತ್ಯ ಫೋಟೋ ತೆಗೆದ. ಕಂಬ ಅಲುಗಲಿಲ್ಲ. ಕಾಕಾ ಹಾಗೇ ಸ್ವಲ್ಪ ಹೊತ್ತು ಹಗ್ಗಕ್ಕೆ ಜೋತುಬಿದ್ದಿದ್ದರು. ಏಳಲು ಕೈ ಕೊಟ್ಟೆ, ಹಿಡಿದುಕೊಂಡರು. "ಆವತ್ತ ಊಟಕ್ಕ ಕೂತಾಗ..." ಅಂದರು. ಕೈ ಬಿಡಲಿಲ್ಲ.

ಉಂಡು ಬಂದೆ. ಬೂಟು ಹೊರಗೆ ಬಿಟ್ಟಿದ್ದೆ.

ಪಾರ್ಕ್ ರಾಯಲ್‌ಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಬೂಟುಗಳೂ ಇರಲಿಲ್ಲ. ಮೌಶಿ ಕಟ್ಟಿಕೊಟ್ಟ ಚಪಾತಿಯಲ್ಲಿ ಎರಡನ್ನು ಕೆಂಪು ಲೇಸಿನವಳ ಬಾಗಿಲ ಹತ್ತಿರ ಇಟ್ಟೆ.

ಸೆಪ್ಟೆಂಬರ್ 13, ಶನಿವಾರ

ಎರಡು ದಿನದಿಂದ ಮಳೆ. ಜೇಡಿ ನೀರು ಕುಡಿದು ಉಬ್ಬುತ್ತದೆ. ಕಂಬವನ್ನು ಇನ್ನೊಂದು ಕಡೆಗೆ ದೂಡಬಹುದು. ನಾಳೆ ಕ್ರೋಯ್ಡನ್‌ಗೆ ಹೋಗಬೇಕು. ನಾಯಿಗಾಗಿ ಅಲ್ಲ, ಮೌಶಿ ಕರೆದಳು ಅಂತಲೂ ಅಲ್ಲ. ನಿಲ್ಲಿಸಿದವಳು ನಾನು, ನಾನೇ ನೋಡಬೇಕು.

ಚಳಿಗಾಲಕ್ಕೆ ಇನ್ನೂ ಉಬ್ಬುತ್ತದೆ. ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಕೆಟ್ಟ ನೆಲ. ವರ್ಷವಿಡೀ ಹೋಗಿ ನೋಡುತ್ತಲೇ ಇರಬೇಕಾಗುತ್ತದೆ.